ಜಮಶೇಟಜಿ ಟಾಟಾ: ಪತ್ತು ಮತ್ತು ಪುರುಷಾರ್ಥ

ಮುಂಬಯಿಯಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗರಲ್ಲಿ ಜಮಶೇಟಜಿ ಟಾಟಾ ಅವರ ಹೆಸರು ಕೇಳದವರಿಲ್ಲ. ಚರ್ಚ್‌ಗೇಟಿನ ರಸ್ತೆಗೆ ಅವರ ಹೆಸರು. ಅಪೋಲೋ ಬಂದರಿನ ತಾಜಮಹಲ ಹೋಟೆಲು ಅವರು ಕಟ್ಟಿಸಿದ್ದು. ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ವಿಜ್ಞಾನ ಮಂದಿರ ಅವರ ಸಂಕಲ್ಪದ ಫಲ. ಇಂಥವರ ಮಾತು ಬಂದಾಗ, ಅವರು ದೊಡ್ಡವರು, ಲಕ್ಷ್ಮೀಪುತ್ರರು, ನಮಗೂ ಅವರಿಗೂ ಏನು ಹೋಲಿಕೆ ಎಂದು ಕೈಮುಗಿದು ಸುಮ್ಮನಾಗುವುದು ನಮ್ಮ ವಾಡಿಕೆ. ಆದರೆ ಬ್ಯಾಂಕಿನ ಖಾತೆ ಕಿರ್ದಿಗಳ ನಡುವೆ ಹೊಟ್ಟೆ ಹೊರೆಯುವ ನಮಗೆ ಆ ಮಹನೀಯರ ಜೀವನದಲ್ಲಿ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಉದ್ಯಮವು ಹಣವೊಂದರಿಂದಲೇ ನಡೆಯುವುದಿಲ್ಲ. ಮನೆತನದ ಸಂಸ್ಕಾರ, ಬಂಧುಬಳಗ, ಪರದೇಶದಲ್ಲಿನ ಗುರುತು ಪರಿಚಯ, ಇವೆಲ್ಲ ಕೂಡಿ ಮನುಷ್ಯನಿಗೆ ಪತ್ತು ಎಂಬುದೊಂದನ್ನು ಒದಗಿಸುತ್ತವೆ. ಆ ಪತ್ತು ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಟಾಟಾ ಅವರ ಚರಿತ್ರೆಯಿಂದ ಅರಿಯುವಷ್ಟು ಚೆನ್ನಾಗಿ ಬೇರೆಡೆ ಅರಿಯಲಾರೆವು. ಊರು ಬಿಟ್ಟು ಬಂದ ನಮಗಂತೂ ಇದು ಬರಿಯ ಕಥೆಯಲ್ಲ.

ಜಮಶೇಟಜಿಯವರು ಹುಟ್ಟಿದ್ದು ೧೮೩೯ನೆಯ ಇಸವಿ ಮಾರ್ಚ್ ೩ರಂದು, ಗುಜರಾತದ ನವಸಾರಿಯಲ್ಲಿ. ಅದು ಆಗ ಬಡೋದೆಯ ಗಾಯಕವಾಡರ ಸೀಮೆ. ಅವರದು ಪಾರ್ಸಿ ಪುರೋಹಿತರ ಮನೆತನ. ತಲೆತಲಾಂತರದಿಂದ ಅಗ್ನಿಯ ಸೇವೆಯೇ ಕುಲಕಸುಬಾಗಿದ್ದ ಆ ಮನೆಯಲ್ಲಿ ಮೊದಲು ವ್ಯಾಪಾರಕ್ಕೆ ಇಳಿದವರು ಅವರ ತಂದೆ ನಸರವಾನಜಿ. ಅವರು ಹಳ್ಳಿಯ ಪೌರೋಹಿತ್ಯವನ್ನು ಬಿಟ್ಟು ಮುಂಬಯಿಗೆ ಬಂದು ಪೇಢಿ ತೆರೆದರು. ಅಂದಮೇಲೆ ಟಾಟಾ ಮನೆತನವೂ ನಮ್ಮ ಹಾಗೆ ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿದ ಮನೆತನವೇ. ಮಗ ಹದಿನಾಲ್ಕರ ಹರೆಯದಲ್ಲಿ ತಂದೆಯ ಬಳಿಗೆ ಬಂದು, ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, ೧೮೫೮ರಲ್ಲಿ ವ್ಯಾಸಂಗ ಮುಗಿಸಿದರು.

ಆ ಕಾಲದ ಮುಂಬಯಿಯಲ್ಲಿ ಪಾರ್ಸಿ ಜನರ ಸ್ಥಾನ ಎಂಥದೆಂಬುದನ್ನು ಇಲ್ಲಿ ನೆನೆಯಬೇಕು. ಇರಾಣದಿಂದ ಬಂದು ಗುಜರಾತದ ಭಾಷೆಯನ್ನೇ ತಮ್ಮದಾಗಿಸಿಕೊಂಡ ಈ ಚಿಕ್ಕ ಸಮಾಜಕ್ಕೆ ಸಮುದ್ರಯಾನದ ನಿಷೇಧವಿರಲಿಲ್ಲ. ಹಿಂದೂ ವರ್ತಕನು ಕಡಲು ದಾಟಿದರೆ ಜಾತಿಯಿಂದ ಹೊರಗಾಗುವ ಭಯವಿದ್ದ ದಿನಗಳಲ್ಲಿ, ಪಾರ್ಸಿಯು ನಿಶ್ಚಿಂತೆಯಿಂದ ಹಡಗು ಹತ್ತಬಲ್ಲವನಾಗಿದ್ದ. ವಾಡಿಯಾ ಮನೆತನದವರು ಮುಂಬಯಿಯ ಗೋದಿಯಲ್ಲಿ ಹಡಗುಗಳನ್ನೇ ಕಟ್ಟುತ್ತಿದ್ದರು. ಐರೋಪ್ಯ ಕಂಪನಿಗಳಿಗೆ ದಲಾಲರಾಗಿಯೂ ಚೀನಾ ವ್ಯಾಪಾರದಲ್ಲಿ ಪಾಲುಗಾರರಾಗಿಯೂ ಪಾರ್ಸಿಗಳು ಎರಡು ಮೂರು ತಲೆಮಾರುಗಳಿಂದ ನೆಲೆಯೂರಿದ್ದರು. ಹೀಗಾಗಿ ತರುಣ ಜಮಶೇಟಜಿಯವರನ್ನು ತಂದೆ ೧೮೫೯ರಲ್ಲಿ ಹಾಂಗ್‌ಕಾಂಗಿಗೆ ಕಳಿಸಿದಾಗ, ಅವರು ಹೋದದ್ದು ತೀರ ಅಪರಿಚಿತವಾದ ಊರಿಗಲ್ಲ. ಅಲ್ಲಿ ತಮ್ಮ ಮಾತನ್ನಾಡುವವರಿದ್ದರು, ತಮ್ಮ ಹಬ್ಬವನ್ನಾಚರಿಸುವವರಿದ್ದರು. ತಂದೆಯ ಹೆಸರು ಹೇಳಿದರೆ ಹುಂಡಿ ಸ್ವೀಕರಿಸುವವರಿದ್ದರು.

ಆ ವ್ಯಾಪಾರದಲ್ಲಿ ಹತ್ತಿಯ ಜೊತೆಗೆ ಅಫೀಮೂ ಇದ್ದಿತೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಅಂದು ಅದು ಸರಕಾರವೇ ನಡೆಸಿಕೊಂಡು ಬರುತ್ತಿದ್ದ ವ್ಯವಹಾರ. ಮುಂಬಯಿಯ ಅನೇಕ ಸಿರಿವಂತ ಮನೆಗಳ ತಳಪಾಯದಲ್ಲಿ ಅದರ ಹಣವುಂಟು. ಬಳಗವೆಂಬುದು ಒಳಿತನ್ನು ಸಾಗಿಸುವಂತೆ ಕೆಡುಕನ್ನೂ ಸಾಗಿಸಬಲ್ಲದು. ದಾರಿ ಇದ್ದಮಾತ್ರಕ್ಕೆ ಅದರ ಮೇಲೆ ಹೋಗುವ ಸರಕೆಲ್ಲ ಶುದ್ಧವಾಗಲಾರದು.

ಇಷ್ಟರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿತು. ೧೮೬೧ರಿಂದ ೧೮೬೫ರ ವರೆಗೆ ಅಲ್ಲಿಯ ಹತ್ತಿ ಲಂಕಾಶೈರಿನ ಗಿರಣಿಗಳಿಗೆ ಹೋಗುವುದು ನಿಂತಿತು. ಇಂಗ್ಲೆಂಡು ಮುಂಬಯಿಯ ಹತ್ತಿಗೆ ಬಾಯ್ದೆರೆಯಿತು, ಬೆಲೆ ಗಗನಕ್ಕೇರಿತು, ಊರಿಗೆ ಊರೇ ಸಟ್ಟಾ ವ್ಯವಹಾರದಲ್ಲಿ ಮುಳುಗಿತು. ಪ್ರೇಮಚಂದ ರಾಯಚಂದರಂಥ ಸಾಹುಕಾರರ ಮಾತಿನ ಮೇಲೆ ದಿನಕ್ಕೊಂದು ಬ್ಯಾಂಕು, ದಿನಕ್ಕೊಂದು ಕಂಪನಿ ಹುಟ್ಟತೊಡಗಿದವು. ಲಂಡನ್ನಿನಲ್ಲಿ ಭಾರತೀಯರ ಬ್ಯಾಂಕೊಂದನ್ನು ತೆರೆಯಬೇಕೆಂಬ ಯೋಜನೆಯಿಂದ ೧೮೬೪ರಲ್ಲಿ ಜಮಶೇಟಜಿಯವರನ್ನು ಅಲ್ಲಿಗೆ ಕಳಿಸಿದರು. ಅವರು ಅಲ್ಲಿ ಕಾಲೂರುವಷ್ಟರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು, ೧೮೬೫ರ ಜುಲೈ ತಿಂಗಳಲ್ಲಿ ಮುಂಬಯಿಯ ಪೇಟೆ ನೆಲಕಚ್ಚಿತು. ತಮ್ಮೊಂದಿಗೆ ತಂದಿದ್ದ ಹುಂಡಿ ಪತ್ರಗಳು ಬರಿಯ ಕಾಗದಗಳಾದವು. ಅತ್ತ ನಸರವಾನಜಿಯವರು ಸಾಲ ತೀರಿಸಲು ಮನೆಯನ್ನೇ ಮಾರಬೇಕಾಯಿತು.

ಇಪ್ಪತ್ತಾರು ವರುಷದ ತರುಣ, ಪರದೇಶ, ಸಾಲಗಾರರು ಬಾಗಿಲಲ್ಲಿ. ಓಡಿ ಬರಬಹುದಾಗಿತ್ತು. ಕಡಲಾಚೆಗೆ ಬಂದು ವಸೂಲು ಮಾಡುವವರು ಯಾರು? ಜಮಶೇಟಜಿಯವರು ಓಡಲಿಲ್ಲ. ಸಾಲ ಕೊಟ್ಟವರೆಲ್ಲರ ಮುಂದೆ ಲೆಕ್ಕವನ್ನು ಬಿಚ್ಚಿಟ್ಟು, ಇದ್ದುದು ಇದ್ದಹಾಗೆ ತಿಳಿಸಿದರು. ಆ ನಡತೆಯಿಂದ ಮನವೊಲಿದ ಸಾಲಗಾರರು, ಪೇಢಿಯ ವ್ಯವಹಾರವನ್ನು ಮುಗಿಸಿಕೊಡುವ ಕೆಲಸವನ್ನು ಅವರಿಗೇ ಒಪ್ಪಿಸಿ, ತಿಂಗಳಿಗೆ ೨೦ ಪೌಂಡು ಸಂಬಳವನ್ನು ಗೊತ್ತುಮಾಡಿದರು. ಮುಳುಗಿದ ಪೇಢಿಯವನನ್ನೇ ಆ ಪೇಢಿಯ ಲಿಕ್ವಿಡೇಟರನನ್ನಾಗಿ ಮಾಡುವುದೆಂದರೇನೆಂಬುದು ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಹೇಳಬೇಕಾಗಿಲ್ಲ. ಕುಲದ ಹೆಸರಿನಿಂದ ಬಂದ ಪತ್ತು ಆ ವರುಷ ಮುಂಬಯಿಯ ಪೇಟೆಯೊಂದಿಗೆ ಸುಟ್ಟುಹೋಯಿತು. ಲಂಡನ್ನಿನಲ್ಲಿ ಹುಟ್ಟಿದ ಪತ್ತು ಅವರೇ ಗಳಿಸಿದ್ದು.

ಮುಂದೆ ಅಬಿಸೀನಿಯದ ದಂಡಯಾತ್ರೆಗೆ ಸಾಮಗ್ರಿ ಒದಗಿಸುವ ಗುತ್ತಿಗೆಯಲ್ಲಿ ನಸರವಾನಜಿ ಪಾಲುಗಾರರಾಗಿ, ಮನೆತನದ ಸ್ಥಿತಿ ಸುಧಾರಿಸಿತು. ೧೮೬೮ರಲ್ಲಿ ಜಮಶೇಟಜಿಯವರು ೨೧,೦೦೦ ರೂಪಾಯಿ ಬಂಡವಾಳದಿಂದ ತಮ್ಮದೇ ಪೇಢಿಯನ್ನು ಸ್ಥಾಪಿಸಿದರು. ಮರುವರುಷ ಚಿಂಚಪೋಕಳಿಯಲ್ಲಿ ದಿವಾಳಿ ಎದ್ದಿದ್ದ ಎಣ್ಣೆಯ ಗಿರಣಿಯೊಂದನ್ನು ಕೊಂಡು, ಹತ್ತಿಯ ಗಿರಣಿಯಾಗಿ ಮಾರ್ಪಡಿಸಿ, ಎರಡು ವರುಷದಲ್ಲಿ ಲಾಭಕ್ಕೆ ಮಾರಿದರು. ಆಮೇಲೆ ಲಂಕಾಶೈರಿಗೆ ಹೋಗಿ ನೂಲು ನೇಯ್ಗೆಯ ಕಸುಬನ್ನು ಕಣ್ಣಾರೆ ಕಂಡು ಬಂದರು.

ಹಿಂದಿರುಗಿದ ಮೇಲೆ ಎಲ್ಲರೂ ಮುಂಬಯಿಯಲ್ಲಿ ಗಿರಣಿ ಹಾಕುತ್ತಿರುವಾಗ ಅವರು ಆರಿಸಿದ ಸ್ಥಳ ನಾಗಪುರ. ಹತ್ತಿ ಬೆಳೆಯುವ ಸೀಮೆ ಹತ್ತಿರ, ರೈಲು ಬಂದಿದೆ, ನೆಲ ಅಗ್ಗ ಎಂಬುದು ಅವರ ಲೆಕ್ಕ. ೧೮೭೪ರಲ್ಲಿ ೧೫ ಲಕ್ಷ ರೂಪಾಯಿಯ ಕಂಪನಿ ನೋಂದಾಯಿಸಲಾಯಿತು. ತಗ್ಗಿನಲ್ಲಿದ್ದ ಕೆಸರು ಜಾಗವನ್ನು ಮಣ್ಣು ತುಂಬಿ ಮೇಲೆಬ್ಬಿಸುವುದನ್ನು ಕಂಡ ಆ ಊರಿನ ಮಾರವಾಡಿ ಸಾಹುಕಾರರೊಬ್ಬರು, ಇವರು ಬಂಗಾರವನ್ನು ಮಣ್ಣಿಗೆ ಸುರಿಯುತ್ತಿದ್ದಾರೆಂದು ಬಗೆದು ಹಣ ಕೊಡಲೊಲ್ಲೆನೆಂದರಂತೆ; ಮುಂದೆ ತಮ್ಮ ಎಣಿಕೆ ತಪ್ಪಿತೆಂದು ಅವರೇ ಒಪ್ಪಿಕೊಂಡರಂತೆ. ೧೮೭೭ರ ಜನವರಿ ೧ರಂದು, ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರಿದ ದಿನವೇ, ಎಂಪ್ರೆಸ್ ಗಿರಣಿ ತೆರೆಯಿತು.

ಈ ಗಿರಣಿಯ ಆಡಳಿತವನ್ನು ಅವರು ಒಪ್ಪಿಸಿದ್ದು ಬೆಜನಜಿ ಮೆಹತಾ ಎಂಬವರಿಗೆ. ಬೆಜನಜಿ ಪಾರ್ಸಿಯೇ ಹೌದು. ಆದರೆ ಅವರನ್ನು ಆರಿಸಲು ಕಾರಣ ನೆಂಟಸ್ತಿಕೆಯಲ್ಲ. ರೈಲ್ವೆಯ ಸರಕು ವಿಭಾಗದಲ್ಲಿ ದುಡಿದ ಆ ಮನುಷ್ಯನಿಗೆ ನೂಲಿನ ಕಸುಬು ಗೊತ್ತಿರಲಿಲ್ಲ, ಜನರನ್ನು ನಡೆಸುವ ಕಸುಬು ಗೊತ್ತಿತ್ತು. ಯಂತ್ರಜ್ಞಾನಕ್ಕಾಗಿ ಇಂಗ್ಲಿಷರನ್ನು ನೇಮಿಸಿಕೊಂಡರು. ಲಂಕಾಶೈರಿನವರೇ ಹಿಂದುಮುಂದು ನೋಡುತ್ತಿದ್ದ ರಿಂಗ್ ಕದಿರುಗಳನ್ನು ಧೈರ್ಯದಿಂದ ಹಾಕಿಸಿದರು. ಕೆಲಸಗಾರರಿಗಾಗಿ ೧೮೮೬ರಲ್ಲಿ ಪಿಂಚಣಿ ನಿಧಿ, ೧೮೯೫ರಲ್ಲಿ ಅಪಘಾತದ ಪರಿಹಾರ ನಿಧಿ ಏರ್ಪಟ್ಟವು. ಕಾಯಿದೆ ಕೇಳುವ ಮೊದಲೇ ಧಣಿ ಕೊಟ್ಟ ಸವಲತ್ತುಗಳಿವು. ಬೇರೆ ಬೇರೆ ಭಾಷೆಯ, ಜಾತಿಯ ಜನ ಒಂದೇ ಛಾವಣಿಯಡಿ ದುಡಿಯುವಲ್ಲಿ ಕುಲದ ನಂಟು ಸಾಲದು, ನ್ಯಾಯದ ನಂಟು ಬೇಕೆಂಬುದನ್ನು ಅವರು ಅರಿತಿದ್ದರು.

ನಂಟಿನ ಬೆಲೆಯನ್ನು ಮತ್ತೊಮ್ಮೆ ಒರೆಗೆ ಹಚ್ಚಿದ್ದು ಕುರ್ಲಾದ ಗಿರಣಿ. ೧೮೮೬ರಲ್ಲಿ ಧರಮಸಿ ಗಿರಣಿಯನ್ನು ಅಗ್ಗಕ್ಕೆ ಕೊಂಡು ಸ್ವದೇಶಿ ಗಿರಣಿಯೆಂದು ಹೆಸರಿಟ್ಟರು. ಯಂತ್ರಗಳೆಲ್ಲ ಹಳಸಲಾಗಿ, ಹಾಕಿದ ಹಣ ಹಾಕಿದಂತೆಯೇ ಕರಗಿತು. ಬ್ಯಾಂಕು ಸಾಲ ನಿರಾಕರಿಸಿತು. ಆಗ ಜಮಶೇಟಜಿಯವರು ಮಕ್ಕಳಿಗಾಗಿ ಬರೆದಿಟ್ಟಿದ್ದ ಟ್ರಸ್ಟನ್ನು ರದ್ದುಪಡಿಸಿ, ಎಂಪ್ರೆಸ್ ಗಿರಣಿಯ ತಮ್ಮ ಶೇರುಗಳನ್ನು ಮಾರಿ, ನಾಗಪುರದಿಂದ ಪಳಗಿದ ಕೆಲಸಗಾರರನ್ನು ತರಿಸಿ ಗಿರಣಿಯನ್ನು ನಿಲ್ಲಿಸಿದರು. ಇದೇ ಸುಮಾರಿಗೆ, ೧೮೮೭ರಲ್ಲಿ, ಮಗ ದೋರಾಬಜಿ ಮತ್ತು ಸಂಬಂಧಿಕರಾದ ರತನಜಿ ದಾದಾಭಾಯಿಯವರನ್ನು ಕೂಡಿಸಿಕೊಂಡು ಟಾಟಾ ಆ್ಯಂಡ್ ಸನ್ಸ್ ಪೇಢಿಯನ್ನು ಕಟ್ಟಿದರು.

ಈಗ ನಾವು ಅವರ ಜೀವನದ ಸೋಲೊಂದಕ್ಕೆ ಬರುತ್ತೇವೆ. ನಮ್ಮ ಎಣಿಕೆಯಲ್ಲಿ ಅವರ ಎಲ್ಲ ಗೆಲುವುಗಳಿಗಿಂತ ಹೆಚ್ಚು ಕಲಿಸುವ ಸಂಗತಿ ಇದು.

ಮುಂಬಯಿಯ ಗಿರಣಿಗಳ ನೂಲು ಚೀನಕ್ಕೆ ಹೋಗುತ್ತಿತ್ತು. ಹಿಂದುಸ್ಥಾನದ ಹತ್ತಿ ಜಪಾನಕ್ಕೆ ಹೋಗುತ್ತಿತ್ತು. ಈ ಸರಕನ್ನು ಸಾಗಿಸುವ ಹಡಗುಗಳೆಲ್ಲ ಇಂಗ್ಲಿಷರ ಪಿ. ಆ್ಯಂಡ್ ಓ. ಕಂಪನಿ, ಆಸ್ಟ್ರಿಯದವರು, ಇಟಲಿಯವರು, ಈ ಮೂವರ ಕೂಟದ ಹಿಡಿತದಲ್ಲಿದ್ದವು. ಕೂಟದವರು ಹೇಳಿದ್ದೇ ಬಾಡಿಗೆ. ಅದು ಟನ್ನಿಗೆ ೧೯ ರೂಪಾಯಿಯ ವರೆಗೆ ಏರಿತ್ತು. ೧೮೯೩ರಲ್ಲಿ ಜಮಶೇಟಜಿಯವರು ತಾವೇ ಜಪಾನಕ್ಕೆ ಹೋದರು. ಅಲ್ಲಿ ಶಿಬುಸಾವಾ ಎಯಿಚಿ ಎಂಬ ಮಹಾಶಯರನ್ನು ಕಂಡರು. ಈ ಶಿಬುಸಾವಾ ಜಪಾನದ ಮೊದಲ ಆಧುನಿಕ ಬ್ಯಾಂಕನ್ನು ಸ್ಥಾಪಿಸಿದವರು, ಒಸಾಕಾದ ದೊಡ್ಡ ನೂಲಿನ ಗಿರಣಿಗೆ ಆಧಾರವಾದವರು. ಭಾಷೆ ಬೇರೆ, ಧರ್ಮ ಬೇರೆ, ಉಡಿಗೆತೊಡಿಗೆ ಬೇರೆ; ಆದರೂ ಇಬ್ಬರ ಹಿತವೂ ಒಂದೇ. ನಿಪ್ಪಾನ್ ಯುಸೆನ್ ಕೈಶಾ ಎಂಬ ಜಪಾನೀ ಹಡಗು ಕಂಪನಿಯು, ಟಾಟಾ ಅವರೂ ಸಮಸಮನಾಗಿ ಹಡಗು ಓಡಿಸುವುದಾದರೆ ತಾನೂ ಓಡಿಸುವೆನೆಂದಿತು. ಟಾಟಾ ಅವರು ತಿಂಗಳಿಗೆ ೧,೦೫೦ ಪೌಂಡು ಬಾಡಿಗೆಯ ಮೇಲೆ ಆ್ಯನಿ ಬ್ಯಾರೋ ಎಂಬ ಇಂಗ್ಲಿಷ್ ಹಡಗನ್ನು ಗೊತ್ತುಮಾಡಿದರು. ಟಾಟಾ ಲೈನ್ ಹುಟ್ಟಿತು. ಬಾಡಿಗೆ ೧೨ ರೂಪಾಯಿಗೆ ಇಳಿಯಿತು.

ಪಿ. ಆ್ಯಂಡ್ ಓ.ದವರು ಸುಮ್ಮನಿರಲಿಲ್ಲ. ಟನ್ನಿಗೆ ಒಂದೂವರೆ ರೂಪಾಯಿಯ ವರೆಗೆ ಬಾಡಿಗೆ ಇಳಿಸಿದರು. ಟಾಟಾ ಹಡಗಿನಲ್ಲಿ ಸರಕು ಹಾಕುವುದಿಲ್ಲವೆಂದು ಬರೆದುಕೊಟ್ಟವರಿಗೆ ರಿಯಾಯಿತಿಯ ಆಸೆ ತೋರಿಸಿದರು. ಮುಂಬಯಿಯ ಗಿರಣಿಯ ಧಣಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಅವರು ಯಾರು? ಹೊರಗಿನವರಲ್ಲ. ಒಂದೇ ಪೇಟೆಯಲ್ಲಿ ಓಡಾಡುವವರು, ಗಿರಣಿ ಧಣಿಗಳ ಒಂದೇ ಸಂಘದಲ್ಲಿ ಕೂಡುವವರು. ಟಾಟಾ ಅವರು ಸರಕಾರಕ್ಕೆ ಬರೆದುಕೊಂಡರೂ ಫಲವಾಗಲಿಲ್ಲ. ಲಕ್ಷಕ್ಕೂ ಮಿಕ್ಕಿ ಹಾನಿ ಅನುಭವಿಸಿ ಹಡಗುಗಳನ್ನು ಹಿಂದಕ್ಕೆ ಕಳಿಸಿದರು. ಟಾಟಾ ಹಡಗುಗಳು ಮರೆಯಾದ ಮೇಲೆ ಕೂಟದವರು ಬಾಡಿಗೆಯನ್ನು ಮತ್ತೆ ಏರಿಸಿದರು. ಜಾರಿಕೊಂಡವರೇ ಅದನ್ನು ತೆರಬೇಕಾಯಿತು.

ಅದೇ ಹೋರಾಟದಲ್ಲಿ ಜಪಾನಿನವರಿಗೆ ಏನಾಯಿತು? ಅಲ್ಲಿಯ ನೂಲಿನ ಗಿರಣಿಗಳ ಸಂಘವು ತನ್ನ ಸದಸ್ಯರ ಹತ್ತಿಯೆಲ್ಲ ತಮ್ಮ ದೇಶದ ಹಡಗಿನಲ್ಲಿಯೇ ಬರತಕ್ಕದ್ದೆಂದು ಕರಾರು ಮಾಡಿಕೊಂಡಿತ್ತು. ಪಿ. ಆ್ಯಂಡ್ ಓ. ಎಷ್ಟು ಅಗ್ಗಕ್ಕೆ ಕರೆದರೂ ಅವರು ಕದಲಲಿಲ್ಲ. ಮೂರು ವರುಷಗಳೊಳಗೆ, ೧೮೯೬ರಲ್ಲಿ, ಕೂಟದವರೇ ಜಪಾನೀ ಕಂಪನಿಯನ್ನು ತಮ್ಮ ಸಮಾನವೆಂದು ಸೇರಿಸಿಕೊಳ್ಳಬೇಕಾಯಿತು. ಶತ್ರು ಒಬ್ಬನೇ, ಕಡಲು ಒಂದೇ, ಹೊರಟ ದಿನವೂ ಒಂದೇ. ಆದರೆ ಒಂದು ಕಡೆ ಪರಿಚಯವಿತ್ತು, ಇನ್ನೊಂದು ಕಡೆ ಕರಾರಿತ್ತು. ಪರಿಚಯವು ಲಾಭ ಬಂದಾಗ ಕೂಡಿಸುತ್ತದೆ. ನಷ್ಟ ಬಂದಾಗ ಕೂಡಿಸಿ ಹಿಡಿಯಬೇಕಾದರೆ ಎಲ್ಲರೂ ಒಪ್ಪಿ ಕಟ್ಟಿಕೊಂಡ ಕಟ್ಟಳೆಯೇ ಬೇಕು.

ಆ ವರುಷದ ಪ್ರವಾಸದಲ್ಲಿಯೇ ಯೊಕೊಹಾಮಾದಿಂದ ವ್ಯಾಂಕೂವರಿಗೆ ಹೋಗುವ ಹಡಗಿನಲ್ಲಿ ಅವರಿಗೆ ಸ್ವಾಮಿ ವಿವೇಕಾನಂದರ ಸಹವಾಸ ದೊರೆಯಿತು. ಐದು ವರುಷಗಳ ತರುವಾಯ, ೧೮೯೮ರಲ್ಲಿ, ತಾವು ಸಂಕಲ್ಪಿಸಿದ ವಿಜ್ಞಾನ ಸಂಸ್ಥೆಗೆ ಬೆಂಬಲ ಕೋರಿ ಅವರು ಸ್ವಾಮಿಗಳಿಗೆ ಪತ್ರ ಬರೆದರು. ಈ ಸಂಸ್ಥೆಗಾಗಿ ಅವರು ತೆಗೆದಿಟ್ಟ ಆಸ್ತಿ ೩೦ ಲಕ್ಷ ರೂಪಾಯಿಗಳದು. ಕರ್ಜನ್ ಸಾಹೇಬರ ಸರಕಾರ ಬಹುಕಾಲ ಅನುಮಾನಿಸಿತು. ಅನುಮಾನಿಸದೆ ಕೈನೀಡಿದ್ದು ನಮ್ಮ ಮೈಸೂರು ಸಂಸ್ಥಾನ. ದಿವಾನ ಶೇಷಾದ್ರಿ ಅಯ್ಯರ್ ಅವರ ಉತ್ಸಾಹದಿಂದಲೂ ರೀಜೆಂಟರಾಗಿದ್ದ ವಾಣೀವಿಲಾಸ ಸನ್ನಿಧಾನದವರ ಔದಾರ್ಯದಿಂದಲೂ ಬೆಂಗಳೂರಿನಲ್ಲಿ ೩೭೧ ಎಕರೆ ನೆಲ ಒದಗಿತು. ೧೯೦೯ರಲ್ಲಿ ಸಂಸ್ಥೆ ಸ್ಥಾಪಿತವಾಯಿತು. ೧೯೧೧ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರವನ್ನಿಟ್ಟರು.

ಮೈಸೂರಿನೊಂದಿಗೆ ಅವರಿಗೆ ಇನ್ನೊಂದು ನಂಟೂ ಇತ್ತು. ಜಪಾನದಲ್ಲಿ ರೇಷ್ಮೆಯ ಕಸುಬನ್ನು ಕಂಡು ಬಂದಿದ್ದ ಅವರು, ಮೈಸೂರಿನ ಹವೆ ಅದಕ್ಕೆ ತಕ್ಕುದೆಂದು ಕಂಡುಕೊಂಡು, ಸಂಸ್ಥಾನದ ಸಹಾಯ ಪಡೆದು ಬೆಂಗಳೂರಿನಲ್ಲಿ ರೇಷ್ಮೆ ತೋಟವೊಂದನ್ನು ಏರ್ಪಡಿಸಿದರು. ಹುಳು ಸಾಕುವುದನ್ನೂ ನೂಲು ಬಿಚ್ಚುವುದನ್ನೂ ಕಲಿಸಲು ಜಪಾನಿನಿಂದಲೇ ನಿಪುಣರನ್ನು ಕರೆಸಿದರು. ಬಸವನಗುಡಿಯ ಕಡೆ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಇಂದಿಗೂ ಉಳಿದಿದೆ, ತೋಟ ಉಳಿದಿಲ್ಲ. ಹಡಗಿನ ಜಗಳದಲ್ಲಿ ಸೋತರೂ ಜಪಾನಿನ ಗೆಳೆತನ ಹೀಗೆ ನಮ್ಮ ನಾಡಿನ ರೈತನ ಮನೆಯ ವರೆಗೆ ಬಂದು ಮುಟ್ಟಿತು.

ಕೊನೆಯ ಕನಸು ಉಕ್ಕಿನದು. ೧೮೮೨ರಲ್ಲಿ ಮಧ್ಯಪ್ರಾಂತದ ಅದಿರಿನ ಬಗ್ಗೆ ಜರ್ಮನ್ ತಜ್ಞರೊಬ್ಬರ ವರದಿಯನ್ನೋದಿದ ದಿನದಿಂದ ಅದು ಅವರನ್ನು ಬಿಟ್ಟಿರಲಿಲ್ಲ. ಗಣಿಯ ಕಾಯಿದೆಗಳು ೧೮೯೯ರಲ್ಲಿ ಸಡಿಲಗೊಂಡವು. ೧೯೦೨ರಲ್ಲಿ, ಅರವತ್ಮೂರರ ವಯಸ್ಸಿನಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್, ಪಿಟ್ಸ್‌ಬರ್ಗುಗಳ ಕುಲುಮೆಗಳ ಮುಂದೆ ನಿಂತು ಎಲ್ಲವನ್ನೂ ಕೇಳಿ ತಿಳಿದರು. ಜೂಲಿಯನ್ ಕೆನೆಡಿ ಎಂಬ ತಜ್ಞರ ಮೂಲಕ ಚಾರ್ಲ್ಸ್ ಪೇಜ್ ಪೆರಿನ್ ಎಂಬ ಎಂಜಿನಿಯರರ ಗುರುತಾಯಿತು. ಮಯೂರಭಂಜದ ಅದಿರಿನ ಸುದ್ದಿಯನ್ನು ೧೯೦೪ರಲ್ಲಿ ಬರೆದು ತಿಳಿಸಿದವರು ಭೂವಿಜ್ಞಾನಿ ಪ್ರಮಥನಾಥ ಬೋಸರು. ಅಮೆರಿಕದ ಎಂಜಿನಿಯರು, ಬಂಗಾಲದ ವಿಜ್ಞಾನಿ, ಒರಿಸ್ಸಾದ ರಾಜ, ಮುಂಬಯಿಯ ಪಾರ್ಸಿ: ಇವರೆಲ್ಲರನ್ನು ಕೂಡಿಸಿದ್ದು ಜಾತಿಯಲ್ಲ, ಊರಲ್ಲ, ಒಬ್ಬ ಮನುಷ್ಯನ ಮಾತಿನ ಮೇಲಿನ ನಂಬಿಕೆ. ಆದರೆ ಉಕ್ಕು ಕಾಣುವ ಭಾಗ್ಯ ಅವರಿಗಿರಲಿಲ್ಲ. ೧೯೦೪ರ ಮೇ ೧೯ರಂದು ಜರ್ಮನಿಯ ಬಾಡ್ ನೌಹೈಮಿನಲ್ಲಿ ಅವರು ತೀರಿಕೊಂಡರು. ಇಂಗ್ಲೆಂಡಿನ ಬ್ರುಕ್‌ವುಡ್ಡಿನಲ್ಲಿ ಅವರ ಸಮಾಧಿಯಿದೆ.

ಮಗ ದೋರಾಬಜಿಯವರು ಕೆಲಸವನ್ನು ಮುಂದುವರಿಸಿದರು. ಲಂಡನ್ನಿನ ಹಣದ ಪೇಟೆ ಮುಖ ತಿರುಗಿಸಿತು. ೧೯೦೭ರ ಆಗಸ್ಟಿನಲ್ಲಿ ಶೇರುಗಳನ್ನು ಮುಂಬಯಿಯಲ್ಲಿಯೇ ಮಾರಾಟಕ್ಕಿಟ್ಟಾಗ ಮೂರೇ ವಾರಗಳಲ್ಲಿ ಹದಿನಾರು ಲಕ್ಷ ಮೂವತ್ತು ಸಾವಿರ ಪೌಂಡು ಕೂಡಿಬಂದಿತು. ಕೊಟ್ಟವರು ಸುಮಾರು ಎಂಟು ಸಾವಿರ ಜನ ಭಾರತೀಯರು. ಹದಿನಾಲ್ಕು ವರುಷದ ಹಿಂದೆ ಒಂದೂವರೆ ರೂಪಾಯಿಯ ಬಾಡಿಗೆಗಾಗಿ ಟಾಟಾ ಹೆಸರನ್ನು ಕೈಬಿಟ್ಟ ಊರೇ, ಅವರು ಸತ್ತ ಮೇಲೆ ಆ ಹೆಸರನ್ನು ನಂಬಿ ಗಂಟು ಬಿಚ್ಚಿತು. ೧೯೧೨ರಲ್ಲಿ ಸಾಕ್ಚಿಯ ಕುಲುಮೆಯಿಂದ ಉಕ್ಕು ಹರಿಯಿತು. ೧೯೧೯ರಲ್ಲಿ ಆ ಊರಿಗೆ ಜಮಶೇಡಪುರವೆಂಬ ಹೆಸರಾಯಿತು. ನಮ್ಮ ವಿಶ್ವೇಶ್ವರಯ್ಯನವರು ೧೯೨೭ರಿಂದ ೧೯೫೫ರ ವರೆಗೆ ಆ ಕಂಪನಿಯ ನಿರ್ದೇಶಕರಲ್ಲೊಬ್ಬರಾಗಿದ್ದುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ವಾಚಕ ಬಂಧುಗಳೇ, ರಾಜ್ಯೋತ್ಸವದ ಸಂಚಿಕೆಯಲ್ಲಿ ಪಾರ್ಸಿ ಮಹನೀಯರ ಚರಿತ್ರೆ ಏಕೆಂದು ಕೆಲವರು ಕೇಳಬಹುದು. ನಾವು ಹೊರನಾಡ ಕನ್ನಡಿಗರೂ ಬಳಗವನ್ನು ಕಟ್ಟಿಕೊಂಡೇ ಬದುಕಿದವರು. ಊರಿನಿಂದ ಬಂದ ಹುಡುಗನಿಗೆ ಖೋಲಿಯಲ್ಲಿ ಜಾಗ, ಹೋಟೆಲಿನಲ್ಲಿ ಕೆಲಸ, ರಾತ್ರಿ ಶಾಲೆಯಲ್ಲಿ ಪಾಠ, ಇವನ್ನು ಒದಗಿಸಿದವರು ಊರಿನವರೇ. ಆ ಋಣ ದೊಡ್ಡದು. ಆದರೆ ಅದೇ ಹುಡುಗ ನಾಳೆ ತನ್ನದೇ ಸಣ್ಣ ಉದ್ಯಮವನ್ನು ತೆರೆಯುವೆನೆಂದು ಜಾಮೀನು ಕೇಳಲು ಬಂದರೆ ನಮ್ಮಲ್ಲಿ ಎಷ್ಟು ಜನ ಸಹಿ ಹಾಕುತ್ತೇವೆ? ಅವನ ಅಂಗಡಿಯ ಸರಕು ನಾಲ್ಕು ಕಾಸು ತುಟ್ಟಿಯಾದ ದಿನ ಎಷ್ಟು ಜನ ಅವನ ಬಾಗಿಲಿಗೆ ಹೋಗುತ್ತೇವೆ? ಅವನೂ ನಮ್ಮ ಹಣದ ಲೆಕ್ಕವನ್ನು ಕಷ್ಟದ ದಿನದಲ್ಲಿ ಬಿಚ್ಚಿ ತೋರಿಸುವನೇ? ಹಬ್ಬದ ಊಟಕ್ಕೆ ಕೂಡುವುದು ಸುಲಭ. ಮುಂಬಯಿಯ ಗಿರಣಿ ಧಣಿಗಳೂ ಊಟಕ್ಕೆ ಕೂಡುತ್ತಲೇ ಇದ್ದಿರಬೇಕು.

ನಮ್ಮ ಸಂಘಗಳು ನಾಟಕ ಸಂಗೀತಗಳ ಜೊತೆಗೆ ಇದನ್ನೂ ಮನಸ್ಸಿಗೆ ತಂದುಕೊಳ್ಳಲಿ. ವರುಷಕ್ಕೆ ಒಬ್ಬಿಬ್ಬರು ತರುಣ ತರುಣಿಯರಿಗಾದರೂ ನಾಲ್ಕು ಜನ ಕೂಡಿ, ಬರೆದ ಕರಾರಿನ ಮೇಲೆ, ಲಾಭನಷ್ಟ ಎರಡಕ್ಕೂ ಒಪ್ಪಿ ಆಸರೆ ನೀಡುವ ಏರ್ಪಾಡಾಗಲಿ. ಆ ಹಣ ಸಾಲವಾಗಿಯೇ ಇರಲಿ, ದಾನವಾಗದಿರಲಿ. ಲೆಕ್ಕ ಸಭೆಯ ಮುಂದೆ ಓದಲ್ಪಡಲಿ. ಲೆಕ್ಕ ಬರೆಯಲು ಬ್ಯಾಂಕಿನವರಾದ ನಾವು ಸಿದ್ಧರಿದ್ದೇವೆ.